ಹಾಜರಿ ಕೂಗಿದಾಗ ಏನ್ ಹೇಳ್ಬೇಕು? ಮಾಡೆಲ್ ಯುಎನ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಾನು ದಾವಣಗೆರೇಲಿ ಸೆಕೆಂಡ್ ಪಿಯು ಓದ್ತಿದೀನಿ. ಹೋದ ತಿಂಗಳು ಒಂದು ಕಾಲೇಜಲ್ಲಿ ಮಾಡೆಲ್ ಯುಎನ್ ಇತ್ತು, ಅಂದ್ರೆ ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿ ಆಗಿ ವಿಶ್ವಸಂಸ್ಥೆಯ ಸಭೆ ಥರಾನೇ ಚರ್ಚೆ ಮಾಡೋದು, ನಂಗೆ ನೇಪಾಳ ಕೊಟ್ಟಿದ್ರು. ಹಾಜರಿ ಕೂಗಿದಾಗ ನನಗಿಂತ ಮುಂಚೆ ಎಲ್ಲರೂ "ಪ್ರೆಸೆಂಟ್ ಅಂಡ್ ವೋಟಿಂಗ್" ಅಂದ್ರು, ನಾನೂ ಹಂಗೇ ಅಂದೆ. ಕೊನೇಲಿ ನಿರ್ಣಯ ವೋಟಿಗೆ ಬಂತು, ಅದ್ರಲ್ಲಿ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ಅಬ್‌ಸ್ಟೇನ್ ಮಾಡ್ತೀನಿ, ಅಂದ್ರೆ ಯಾವ ಕಡೆಗೂ ವೋಟ್ ಹಾಕದೆ ದೂರ ಉಳೀತೀನಿ ಅಂದೆ, ಸಭೆ ನಡೆಸೋ ಚೇರ್ "ನೀವು ಹಾಗೆ ಮಾಡೋಹಂಗಿಲ್ಲ" ಅಂದ್ರು. ಎಲ್ಲರ ಮುಂದೆ ಕಣ್ಣಲ್ಲಿ ನೀರು ಬಂತು. ತಪ್ಪು ನಂದಾ?

ಉತ್ತರ: ತಂಗಿ, ಚೇರ್ ಹೇಳಿದ್ದು ಸರಿ, ಆದ್ರೆ ಅಳೋ ಅಂಥ ತಪ್ಪೇನೂ ನೀನು ಮಾಡಿಲ್ಲ. "ಪ್ರೆಸೆಂಟ್" ಅಂದ್ರೆ ಬಂದಿದೀನಿ ಅಂತ, ಆಮೇಲೆ ಹೌದು, ಇಲ್ಲ, ದೂರ ಉಳೀತೀನಿ ಮೂರರಲ್ಲಿ ಯಾವ್ದು ಬೇಕಾದ್ರೂ ಹೇಳ್ಬಹುದು. "ಪ್ರೆಸೆಂಟ್ ಅಂಡ್ ವೋಟಿಂಗ್" ಅಂದ್ರೆ ನಿರ್ಣಯದ ಮೇಲೆ ಹೌದು ಅಥವಾ ಇಲ್ಲ ಹೇಳೇ ಹೇಳ್ತೀನಿ ಅಂತ ಮಾತು ಕೊಟ್ಟಂಗೆ. ಇದನ್ನ ಹೊಸ ಮಕ್ಕಳಿಗೆ ಹಾಜರಿಗೆ ಮುಂಚೆನೇ ಬಿಡಿಸಿ ಹೇಳ್ಬೇಕಿತ್ತು, ಆ ಹೊಣೆ ನಡೆಸೋರದ್ದು.

ದೂರ ಉಳಿಯೋದು ಅಂದ್ರೆ ಹೆದರಿ ಹಿಂದೆ ಸರಿಯೋದು ಅಂತ ಮಾತ್ರ ಯಾವತ್ತೂ ತಿಳ್ಕೋಬೇಡ. 2022ರ ಮಾರ್ಚ್ 2ಕ್ಕೆ ಉಕ್ರೇನ್ ವಿಚಾರ ವಿಶ್ವಸಂಸ್ಥೆಯ ಜನರಲ್ ಅಸೆಂಬ್ಲಿಗೆ ಬಂದಾಗ ಪರ 141, ವಿರೋಧ 5, ದೂರ ಉಳಿದಿದ್ದು 35 ದೇಶ, ಆ 35ರಲ್ಲಿ ನಮ್ಮ ಭಾರತನೂ ಇತ್ತು. ಅಸೆಂಬ್ಲಿಯ 86ನೇ ನಿಯಮದ ಪ್ರಕಾರ ದೂರ ಉಳಿದೋರನ್ನ ವೋಟ್ ಹಾಕಿದೋರು ಅಂತ ಲೆಕ್ಕಕ್ಕೇ ತಗೊಳಲ್ಲ, ಹಾಗಾಗಿ ಬಹುಮತ ನೋಡೋದು 141 ಮತ್ತು 5 ಸೇರಿಸಿದ 146ರ ಮೇಲೆ, 181ರ ಮೇಲಲ್ಲ. ಅಂದ್ರೆ ನೀನು ದೂರ ಉಳಿದ್ರೆ ಯಾರ ಕಡೆಗೂ ತೂಕ ಹಾಕಲ್ಲ, ಆದ್ರೆ ನಿನ್ನ ನಿಲುವು ದಾಖಲೆಯಲ್ಲಿ ಇರುತ್ತೆ.

ಮುಂದಿನ ಸಲ ಅನುಮಾನ ಇದ್ರೆ ಬರೀ "ಪ್ರೆಸೆಂಟ್" ಅನ್ನು. ಇನ್ನೊಂದು ದಾರಿನೂ ಇದೆ: ಎಷ್ಟೋ ಕಡೆ ಒಂದೊಂದೇ ದೇಶದ ಹೆಸರು ಕೂಗಿ ವೋಟ್ ತಗೋತಾರೆ, ಆಗ "ಯೆಸ್ ವಿತ್ ರೈಟ್ಸ್" ಅಂದ್ರೆ ಯಾಕೆ ಹಾಗೆ ವೋಟ್ ಹಾಕಿದೆ ಅಂತ ಆಮೇಲೆ ವಿವರಿಸೋಕೆ ಸಮಯ ಸಿಗುತ್ತೆ. ಮಾಡೆಲ್ ಯುಎನ್‌ಗೆ ಲೋಕಕ್ಕೆಲ್ಲ ಒಂದೇ ರೂಲ್ ಬುಕ್ ಅಂತಿಲ್ಲ, ಅದಕ್ಕೆ ಅವರ ಹ್ಯಾಂಡ್‌ಬುಕ್ ಹಿಂದಿನ ರಾತ್ರಿನೇ ಓದಿಟ್ಕೋ. ಒಂದು ಮಾತು, ಕಾಕಸ್ (ಭಾಷಣಗಳ ಸರದಿ ನಿಲ್ಲಿಸಿ ನಡೆಸೋ ಬೇರೆ ಚರ್ಚೆ) ಬೇಕಾ ಬೇಡ್ವಾ ಅಂಥ ಕಲಾಪದ ವೋಟಿನಲ್ಲಿ ಸಾಮಾನ್ಯವಾಗಿ ಯಾರಿಗೂ ದೂರ ಉಳಿಯೋ ಅವಕಾಶ ಇರಲ್ಲ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಉಪನ್ಯಾಸಕ. ನಮ್ಮ ಹುಡುಗ್ರು ಎದುರಿನವರು ತಪ್ಪು ಅಂಕಿಅಂಶ ಹೇಳಿದ ಕೂಡಲೇ "ಪಾಯಿಂಟ್ ಆಫ್ ಆರ್ಡರ್" ಅಂತ ಎದ್ದು ನಿಲ್ತಾರೆ, ಚೇರ್ ಪ್ರತಿ ಸಲ ಕೂರಿಸ್ತಾರೆ. ಯಾಕೆ?

ಉತ್ತರ: ಸರ್, ಅದು ಕಲಾಪ ದಾರಿ ತಪ್ಪಿದಾಗ ಮಾತ್ರ ಬಳಸೋದು, ಸಮಯ ಮೀರಿದ್ರೂ ಮಾತಾಡ್ತಾನೇ ಇದ್ರೆ, ಹೇಳದೆ ಕೇಳದೆ ವೋಟಿಗೆ ಹೋದ್ರೆ. ನಿಜವಾದ ಅಸೆಂಬ್ಲಿಯ 71ನೇ ನಿಯಮನೂ ಇದನ್ನೇ ಹೇಳುತ್ತೆ, ಈ ಪಾಯಿಂಟ್ ಎತ್ತಿದೋರು ಚರ್ಚೆಯ ವಿಷಯದ ಬಗ್ಗೆ ಮಾತಾಡೋಹಂಗಿಲ್ಲ. ಅಂಕಿ ತಪ್ಪಾಗಿದ್ರೆ, ಮಾತಾಡಿದೋರು ಪ್ರಶ್ನೆಗೆ ಅವಕಾಶ ಬಿಟ್ಟಾಗ ಕೇಳ್ಬೇಕು, ಇಲ್ಲಾಂದ್ರೆ ತನ್ನ ಸರದಿಗೆ ಕಾಯ್ಬೇಕು.

ನಾನು ತಯಾರಿ ಮಾಡಿಸಿದ ಒಬ್ಬ ಹುಡುಗ, ಹಾಸ್ಟೆಲಲ್ಲಿ ಇದ್ದೋನು, ಮೊದಲ ದಿನ ನಾಲ್ಕು ಸಲ ಎದ್ದು ನಾಲ್ಕು ಸಲನೂ ಕೂತ. ಎರಡನೇ ದಿನ ಚೀಟಿಯ ಹಿಂದೆ ಪೆನ್ಸಿಲಲ್ಲಿ ಸರಿಯಾದ ಸಂಖ್ಯೆ ಬರ್ಕೊಂಡು, ಬೆವರಿಗೆ ಚೀಟಿ ಒದ್ದೆ ಆಗೋ ತನಕ ಮುಷ್ಟೀಲಿ ಹಿಡ್ಕೊಂಡು, ಚೇರ್ ಒಬ್ಬೊಬ್ಬರಿಗೇ ಮಾತಾಡೋಕೆ ಬಿಡೋ ಮಾಡರೇಟೆಡ್ ಕಾಕಸ್‌ನಲ್ಲಿ ತನ್ನ ಅರವತ್ತು ಸೆಕೆಂಡಿಗೆ ಕಾದ. ಅವನು ಮಾತು ಮುಗಿಸೋ ಹೊತ್ತಿಗೆ ಎದುರಿನ ಬೆಂಚಿನೋರು ತಮ್ಮ ಹಾಳೆ ತಿರುವಿ ನೋಡ್ತಿದ್ರು. ನಿಮ್ಮ ಹುಡುಗ್ರಿಗೆ ಆ ಕಾಯೋದನ್ನ ಕಲಿಸಿ ಸರ್, ದಯವಿಟ್ಟು.

ಪ್ರಶ್ನೆ: ನಾನು ಹತ್ತನೇ ತನಕ ಕನ್ನಡ ಮೀಡಿಯಂ, ಊರು ದಾವಣಗೆರೆ ಹತ್ರದ ಹಳ್ಳಿ. ಇಂಗ್ಲಿಷಲ್ಲಿ ನಾಲಿಗೆ ತಡವರಿಸುತ್ತೆ, ನಾನು ಇದಕ್ಕೆಲ್ಲ ಹೋಗ್ಬಹುದಾ?

ಉತ್ತರ: ಖಂಡಿತ ಹೋಗು ತಮ್ಮಾ. ವಿಶ್ವಸಂಸ್ಥೆಯ ಅಧಿಕೃತ ಭಾಷೆ ಆರು: ಅರೇಬಿಕ್, ಚೈನೀಸ್, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಆದ್ರೆ ಅಸೆಂಬ್ಲಿಯ 53ನೇ ನಿಯಮದಲ್ಲಿ ಬೇರೆ ಯಾವ ಭಾಷೇಲಾದ್ರೂ ಮಾತಾಡ್ಬಹುದು, ಅನುವಾದದ ವ್ಯವಸ್ಥೆ ಮಾತಾಡೋರೇ ಮಾಡ್ಕೋಬೇಕು ಅಂತಿದೆ. ವಾಜಪೇಯಿ ಅವರು 1977ರಲ್ಲಿ ವಿದೇಶಾಂಗ ಮಂತ್ರಿ ಆಗಿದ್ದಾಗ ಅಲ್ಲಿ ಹಿಂದಿಯಲ್ಲೇ ಮಾತಾಡಿದ್ರು. ಈ ನಿಯಮ ತೋರಿಸಿ, ಹೆಸರು ಕೊಡೋವಾಗಲೇ ನಡೆಸೋರನ್ನ ಕೇಳು, ನಿನ್ನ ಜೊತೆ ಬರೋ ಇನ್ನೊಬ್ಬರು ಅನುವಾದ ಮಾಡೋಕೆ ಬಿಡ್ತೀರಾ ಅಂತ. ಒಪ್ಪದಿದ್ರೂ ಹೋಗು, ಮೊದಲ ಭಾಷಣ ಕನ್ನಡದಲ್ಲೇ ಬರ್ಕೊಂಡು ಇಂಗ್ಲಿಷಲ್ಲಿ ಎಂಟು ಸಾಲು ಮಾಡ್ಕೋ, ಆ ಎಂಟನ್ನ ಮನೇಲಿ ಜೋರಾಗಿ ಹತ್ತು ಸಲ ಓದು. ಕನ್ನಡದ ಹಾಳೆ ಎದುರಿಗೇ ಇರ್ಲಿ.