ಜಾಯ್‌ಸ್ಟಿಕ್ ಕೈಗೆ ಹೊಂದಬೇಕಾದರೆ: ಬಾಹ್ಯಾಕಾಶ ಆಟದ ಮೂರು ಪ್ರಶ್ನೆಗಳು

ಪ್ರಶ್ನೆ: ನಾನು ಉಡುಪಿಯ ಕುಂಜಿಬೆಟ್ಟಿನವನು, ಇಂಜಿನಿಯರಿಂಗ್ ಮೂರನೇ ವರ್ಷ. ಇಷ್ಟು ದಿನ ಬಾಹ್ಯಾಕಾಶ ನೌಕೆ ಓಡಿಸುವ ಎಲೀಟ್ ಡೇಂಜರಸ್ ಆಟವನ್ನು ಕೀಬೋರ್ಡ್, ಮೌಸ್‌ನಲ್ಲೇ ಆಡುತ್ತಿದ್ದೆ. ಕಳೆದ ತಿಂಗಳು ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಜಾಯ್‌ಸ್ಟಿಕ್ ತಗೊಂಡೆ. ಕಂಟ್ರೋಲ್ಸ್ ಪುಟ ತೆರೆದರೆ ಮುಗಿಯದಷ್ಟು ಸಾಲುಗಳು. ಬೇರೆಯವರ ಸೆಟ್ಟಿಂಗ್ ಹಾಕಿ ನೋಡಿದೆ. ಯಾವ ಬಟನ್ ಯಾವುದಕ್ಕೆ ಅಂತ ನೆನಪೇ ಉಳಿಯುತ್ತಿಲ್ಲ. ಸ್ಟೇಷನ್ ಒಳಗೆ ಹೋಗುವಾಗ ಪ್ರತಿಸಲ ಗೋಡೆಗೆ ಗುದ್ದುತ್ತೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಬೇರೆಯವರ ಸೆಟ್ಟಿಂಗ್ ತೆಗೆದುಬಿಡಿ. ಅದು ಕೆಟ್ಟದ್ದು ಅಂತಲ್ಲ. ಅದು ಅವರ ಕೈಗೆ, ಅವರ ಅಭ್ಯಾಸಕ್ಕೆ ಹೊಂದಿಸಿದ್ದು. ನಿಮ್ಮ ಕೈಯಲ್ಲಿ ಕೂರುವ ಸೆಟ್ಟಿಂಗನ್ನು ನೀವೇ ಮಾಡಬೇಕು. ಒಂದು ಭಾನುವಾರದ ಮಧ್ಯಾಹ್ನ ಸಾಕು.

ಆಟ ತೆರೆಯುವ ಮೊದಲು ವಿಂಡೋಸ್‌ನಲ್ಲೇ ಒಂದು ಪರೀಕ್ಷೆ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ 'ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್' ಅಂತ ಹುಡುಕಿ, ಪ್ರಾಪರ್ಟೀಸ್ ಒತ್ತಿ. ಒಂದು ಚೌಕದೊಳಗೆ ಕೂಡಿಸುವ ಚಿಹ್ನೆ ಕಾಣುತ್ತದೆ. ಸ್ಟಿಕ್ ಬಿಟ್ಟಾಗ ಅದು ನಡುವಿಗೆ ಬಂದು ನಿಲ್ಲಬೇಕು. ಸ್ಟಿಕ್ ತಿರುಚಿ ನೋಡಿ, ಬುಡದಲ್ಲಿರುವ ಲಿವರ್ ಎಳೆದು ನೋಡಿ. ಆಮೇಲೆ 12 ಬಟನ್‌ಗಳನ್ನೂ ಒಂದೊಂದಾಗಿ ಒತ್ತಿ, ಯಾವ ನಂಬರ್ ಎಲ್ಲಿದೆ ಅಂತ ಒಂದು ಹಾಳೆಯ ಮೇಲೆ ಸ್ಟಿಕ್‌ನ ಚಿತ್ರ ಬರೆದು ಗುರುತು ಹಾಕಿ. ಈ ಹಾಳೆ ಮುಂದಿನ ಒಂದು ವಾರ ಮಾನಿಟರ್ ಪಕ್ಕದಲ್ಲೇ ಇರಲಿ.

ಈಗ ಆಟಕ್ಕೆ ಬನ್ನಿ. ಮೌಸ್‌ನಿಂದ ಬಂದವರು ಸಾಮಾನ್ಯವಾಗಿ ಮಾಡುವ ತಪ್ಪು ಇದು: ಸ್ಟಿಕ್ಕನ್ನು ಎಡಕ್ಕೆ ವಾಲಿಸಿದರೆ ನೌಕೆಯ ಮೂತಿ ಎಡಕ್ಕೆ ತಿರುಗಲಿ ಅಂತ ಇಡುತ್ತಾರೆ. ಅದಕ್ಕೆ ಆಟದಲ್ಲಿ ಯಾ ಅಂತ ಹೆಸರು. ಆದರೆ ಈ ಆಟದ ನೌಕೆಗಳಲ್ಲಿ ಯಾ ಬಹಳ ನಿಧಾನ. ಬೇಗ ಆಗುವುದು ಎರಡೇ. ಒಂದು ಪಿಚ್, ಅಂದರೆ ಮೂತಿ ಮೇಲೆ ಕೆಳಗೆ ಹೋಗುವುದು. ಇನ್ನೊಂದು ರೋಲ್, ಅಂದರೆ ನೌಕೆ ಮಗ್ಗುಲು ಬದಲಿಸುವುದು. ಹಾಗಾಗಿ ಸ್ಟಿಕ್‌ನ ಎಡಬಲ ರೋಲ್‌ಗೆ, ಹಿಂದೆ ಮುಂದೆ ಪಿಚ್‌ಗೆ, ತಿರುಚುವುದು ಯಾಗೆ ಇರಲಿ. ಸ್ಟಿಕ್ ನಿಮ್ಮ ಕಡೆ ಎಳೆದರೆ ಮೂತಿ ಮೇಲೇಳಬೇಕು. ಉಲ್ಟಾ ಆಗಿದ್ದರೆ ಆ ಸಾಲಿನಲ್ಲೇ ಇನ್ವರ್ಟ್ ಮಾಡಿ.

ಇದರ ಬೆಲೆ ಗೊತ್ತಾಗುವುದು ಗುರಿ ಎಡಗಡೆ ಕಂಡಾಗ. ಮೂತಿಯನ್ನು ಎಡಕ್ಕೆ ಜಗ್ಗುತ್ತಾ ಕೂರಬೇಡಿ. ಮಗ್ಗುಲು ತಿರುಗಿಸಿ ಗುರಿ ನಿಮ್ಮ ತಲೆಯ ನೇರಕ್ಕೆ ಬರುವ ಹಾಗೆ ಮಾಡಿ, ಆಮೇಲೆ ಸ್ಟಿಕ್ ಎಳೆಯಿರಿ. ಮಗ್ಗುಲು, ಎಳೆತ. ಇಷ್ಟೇ. ಯಾ ಇರುವುದು ಕೊನೆಯ ಕೂದಲೆಳೆಯಷ್ಟು ಸರಿಪಡಿಸಲಿಕ್ಕೆ. ಹತ್ತು ನಿಮಿಷ ಖಾಲಿ ಜಾಗದಲ್ಲಿ ಇದೊಂದನ್ನೇ ಅಭ್ಯಾಸ ಮಾಡಿದರೆ ಕೈಗೆ ಹಿಡಿಸುತ್ತದೆ.

ಮುಂದಿನದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಹೆಬ್ಬೆರಳಿನ ಕೆಳಗೆ ಒಂದು ಪುಟ್ಟ ಗುಬ್ಬಿ ಇದೆಯಲ್ಲ, ಹ್ಯಾಟ್ ಸ್ವಿಚ್, ಅದನ್ನು ಸುತ್ತ ನೋಡಲಿಕ್ಕೆ ಇಡಬೇಡಿ. ವಿಮಾನದ ಆಟದಲ್ಲಿ ಅದು ಸರಿ. ಇಲ್ಲಿ ನೌಕೆ ಮೂತಿ ತಿರುಗಿಸದೆಯೇ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಜರುಗಬಲ್ಲದು. ಈ ಜರುಗಾಟಕ್ಕೆ ಥ್ರಸ್ಟರ್, ಅಂದರೆ ನೌಕೆಯನ್ನು ಆಚೀಚೆ ತಳ್ಳುವ ಸಣ್ಣ ಇಂಜಿನ್‌ಗಳು ಇವೆ. ಹ್ಯಾಟ್‌ನ ನಾಲ್ಕು ದಿಕ್ಕಿಗೆ ಈ ನಾಲ್ಕು ಥ್ರಸ್ಟರ್ ಕೊಡಿ. ನೀವು ಗೋಡೆಗೆ ಗುದ್ದುವ ಕಾರಣ ಬಹುಶಃ ಇದೇ. ದಾರಿಯ ನಡುವಿನಿಂದ ಸ್ವಲ್ಪ ಆಚೀಚೆ ಆದಾಗ ಮೂತಿ ತಿರುಗಿಸಿ ಸರಿ ಮಾಡಲು ಹೋಗುತ್ತೀರಿ. ಮೂತಿ ಗೋಡೆ ಕಡೆ ಆಗುತ್ತದೆ. ಮೂತಿ ನೇರ ಇಟ್ಟು, ಹೆಬ್ಬೆರಳಲ್ಲಿ ತಟ್ಟಿ ತಟ್ಟಿ ನೌಕೆಯನ್ನು ಪಕ್ಕಕ್ಕೆ ಜರುಗಿಸಬೇಕು. ಅದೇ ಹ್ಯಾಟನ್ನು ಮೆನು ಓಡಾಟಕ್ಕೂ ಕೊಡಬಹುದು. ಮೆನುವಿನ ಸಾಲುಗಳೇ ಬೇರೆ. ಪ್ಯಾನೆಲ್ ತೆರೆದಾಗ ಮಾತ್ರ ಅವು ಕೆಲಸ ಮಾಡುತ್ತವೆ.

ವೇಗ ಏರಿಸಿ ಇಳಿಸುವುದು ಬುಡದ ಲಿವರ್‌ನಿಂದ. ನಿಮ್ಮ ಸ್ಟಿಕ್‌ನ ಲಿವರ್ ಚಿಕ್ಕದು. ನಡುವೆ ತಡೆಯುವ ಗಂಟು ಇಲ್ಲ. ಲಿವರನ್ನು ಫುಲ್ ರೇಂಜ್ ಅಂತ ಇಟ್ಟರೆ ನಡುವಿನಲ್ಲಿ ಸೊನ್ನೆ, ಕೆಳಗೆ ರಿವರ್ಸ್. ಆ ಸೊನ್ನೆ ಕೈಗೆ ಸಿಗುವುದೇ ಇಲ್ಲ. ಹಾಗಾಗಿ ಫಾರ್ವರ್ಡ್ ಓನ್ಲಿ ಆರಿಸಿ, ರಿವರ್ಸ್‌ಗೆ ಬೇರೆ ಬಟನ್ ಕೊಡಿ. ಸ್ಪೀಡ್ ತೋರಿಸುವ ಪಟ್ಟಿಯಲ್ಲಿ ನಡುವೆ ನೀಲಿ ಬಣ್ಣದ ಜಾಗ ಇರುತ್ತದೆ. ಆ ವೇಗದಲ್ಲಿ ನೌಕೆ ಚೆನ್ನಾಗಿ ತಿರುಗುತ್ತದೆ, ಜಗಳದಲ್ಲಿ ಅದನ್ನು ಬಿಟ್ಟು ಹೋಗಬೇಡಿ. ಇನ್ನೊಂದು ಬಟನ್ 'ಸ್ಪೀಡ್ 75%' ಅನ್ನುವುದಕ್ಕೆ ಖಂಡಿತ ಬೇಕು. ಸೂಪರ್‌ಕ್ರೂಸ್‌ನಲ್ಲಿ, ಅಂದರೆ ದೂರ ಹೋಗುವಾಗಿನ ಅತಿ ವೇಗದ ಓಟದಲ್ಲಿ, ಗುರಿ ತಲುಪಲು 7 ಸೆಕೆಂಡ್ ಅಂತ ತೋರಿಸಿದಾಗ ಅದನ್ನು ಒತ್ತಿದರೆ ಗುರಿ ದಾಟಿ ಹೋಗುವ ಪಾಡು ತಪ್ಪುತ್ತದೆ.

ಉಳಿದ ಬಟನ್‌ಗಳಿಗೆ ನನ್ನದು ಒಂದೇ ಲೆಕ್ಕ. ಕಣ್ಣು ಪರದೆ ಬಿಡಲಾಗದ ಹೊತ್ತಿನಲ್ಲಿ ಬೇಕಾಗುವುದು ಸ್ಟಿಕ್ ಮೇಲೆ, ಪುರುಸೊತ್ತಿನಲ್ಲಿ ಒತ್ತುವುದು ಕೀಬೋರ್ಡ್ ಮೇಲೆ. ಟ್ರಿಗರ್‌ಗೆ ಗುಂಡು. ಹೆಬ್ಬೆರಳ ಬದಿಯ 2ನೇ ಬಟನ್‌ಗೆ ಎರಡನೇ ಆಯುಧ. ತಲೆಯ ಮೇಲಿನ 3ರಿಂದ 6ರವರೆಗಿನ ನಾಲ್ಕರಲ್ಲಿ ಎದುರಿನ ಗುರಿ ಹಿಡಿಯುವುದು, ಬೂಸ್ಟ್ (ಒಮ್ಮೆಲೇ ವೇಗ ಏರಿಸುವುದು), 75% ಮತ್ತು ಫ್ಲೈಟ್ ಅಸಿಸ್ಟ್ ತೆಗೆಯುವುದು. ಬುಡದ ಆರು ಬಟನ್ ಎಡಗೈಗೆ. ರಿವರ್ಸ್, ಸ್ಪೀಡ್ ಸೊನ್ನೆ, ಆಯುಧ ಹೊರತೆಗೆಯುವುದು, ಜಂಪ್ (ಬೇರೆ ನಕ್ಷತ್ರಕ್ಕೆ ಜಿಗಿಯುವುದು) ಇವೆಲ್ಲ ಅಲ್ಲಿಗೆ. ಲ್ಯಾಂಡಿಂಗ್ ಗೇರ್, ಲೈಟು, ಕಾರ್ಗೋ ಸ್ಕೂಪ್, ನಕ್ಷೆ ಎಲ್ಲ ಕೀಬೋರ್ಡಿನಲ್ಲೇ ಇರಲಿ ಬಿಡಿ. ಎಲ್ಲವನ್ನೂ ಸ್ಟಿಕ್‌ಗೆ ತುಂಬಿದರೆ ಯಾವುದೂ ನೆನಪಿರುವುದಿಲ್ಲ ಮಾರಾಯ್ರೆ.

ಫ್ಲೈಟ್ ಅಸಿಸ್ಟ್ ಯಾಕೆ ಸ್ಟಿಕ್ ಮೇಲೆ ಅಂತ ಕೇಳಬಹುದು. ಮಲ್ಪೆಯಲ್ಲಿ ಬೋಟು ದಕ್ಕೆಗೆ ಬರುವುದನ್ನು ನೋಡಿದ್ದೀರಲ್ವಾ? ದಡ ಮುಟ್ಟುವ ಮೊದಲೇ ಇಂಜಿನ್ ಇಳಿಸುತ್ತಾರೆ. ಆದರೂ ಬೋಟು ತನ್ನ ಓಘದಲ್ಲೇ ಬರುತ್ತಿರುತ್ತದೆ. ನೀರಿನ ತಡೆ ಇರುವುದರಿಂದ ಕೊನೆಗೆ ನಿಲ್ಲುತ್ತದೆ. ಬಾಹ್ಯಾಕಾಶದಲ್ಲಿ ಆ ನೀರೂ ಇಲ್ಲ. ಅಸಿಸ್ಟ್ ಇದ್ದರೆ ಕಂಪ್ಯೂಟರೇ ಎದುರು ಥ್ರಸ್ಟರ್ ಹೊತ್ತಿಸಿ ನಿಲ್ಲಿಸುತ್ತದೆ. ಅಸಿಸ್ಟ್ ತೆಗೆದರೆ ನೌಕೆ ಹೋಗುತ್ತಿದ್ದ ಕಡೆಗೇ ಹೋಗುತ್ತಾ ಇರುತ್ತದೆ, ಮೂತಿಯನ್ನು ಮಾತ್ರ ಹಿಂದಕ್ಕೆ ತಿರುಗಿಸಿ ಬೆನ್ನು ಹತ್ತಿದವನ ಮೇಲೆ ಗುಂಡು ಹಾರಿಸಬಹುದು. ಎರಡು ಸೆಕೆಂಡಿಗೆ ತೆಗೆದು ಮತ್ತೆ ಹಾಕುವ ಆಟ ಅದು. ಅದಕ್ಕೇ ಬೆರಳ ತುದಿಯಲ್ಲಿ ಬೇಕು. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಅಸಿಸ್ಟ್ ಆಫ್ ಇರುವ ಹಾಗೆ 'ಹೋಲ್ಡ್' ಆರಿಸಿದರೆ ಹೊಸಬರಿಗೆ ಸುಲಭ.

ಇನ್ನು ಡೆಡ್‌ಜೋನ್. ಸ್ಟಿಕ್ ನಡುವಿನಲ್ಲಿ ಎಷ್ಟು ಅಲುಗಾಡಿದರೂ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ ಅದು. ಪಿಚ್, ರೋಲ್‌ಗೆ ತೀರಾ ಚಿಕ್ಕದಿರಲಿ. ತಿರುಚುವುದಕ್ಕೆ ಸ್ವಲ್ಪ ಜಾಸ್ತಿ ಬೇಕು. ಯಾಕೆಂದರೆ ಸ್ಟಿಕ್ಕನ್ನು ಪಕ್ಕಕ್ಕೆ ವಾಲಿಸುವಾಗ ಮಣಿಕಟ್ಟು ತನ್ನಷ್ಟಕ್ಕೆ ತಿರುಚುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹಾಗಂತ ಡೆಡ್‌ಜೋನ್ ತುಂಬ ದೊಡ್ಡದು ಮಾಡಬೇಡಿ. ಸಣ್ಣ ಚಲನೆ ಸತ್ತುಹೋಗಿ, ಆಮೇಲೆ ಒಮ್ಮೆಲೇ ಎಗರುತ್ತದೆ.

ಈಗ ಸ್ಟೇಷನ್. 7.5 ಕಿ.ಮೀ. ಒಳಗೆ ಬಂದ ಮೇಲೆ ಡಾಕಿಂಗ್‌ಗೆ, ಅಂದರೆ ಒಳಗೆ ಬಂದು ಇಳಿಯಲು, ಅನುಮತಿ ಕೇಳಿ. ಬಾಗಿಲು ಅಂಚೆ ಡಬ್ಬಿಯ ಬಾಯಿಯ ಹಾಗೆ ಅಡ್ಡಕ್ಕೆ ಉದ್ದ, ಸ್ಟೇಷನ್ ಜೊತೆ ಅದೂ ತಿರುಗುತ್ತಿರುತ್ತದೆ. ದೂರದಲ್ಲೇ ಬಾಗಿಲಿನ ನೇರಕ್ಕೆ ನಿಂತುಕೊಳ್ಳಿ. ಹಸಿರು ದೀಪ ನಿಮ್ಮ ಬಲಕ್ಕೆ, ಕೆಂಪು ಎಡಕ್ಕೆ ಬರಬೇಕು. ನಮ್ಮ ಬಂದರುಗಳಲ್ಲೂ ಕಡಲಿನಿಂದ ಒಳಬರುವ ಹಡಗಿಗೆ ಇದೇ ನಿಯಮ. ನೀರಿನ ಮೇಲೆ ತೇಲುವ ಹಸಿರು ಬೋಯ್ ಬಲಕ್ಕೆ, ಕೆಂಪು ಎಡಕ್ಕೆ. ಅಳಿವೆ ಬಾಗಿಲು ದಾಟಿದವರಿಗೆ ಇದು ಹೊಸದಲ್ಲ. ಸ್ಟಿಕ್ಕನ್ನು ಒಂದಿಷ್ಟೇ ಪಕ್ಕಕ್ಕೆ ವಾಲಿಸಿ ಸ್ಟೇಷನ್ ತಿರುಗುವ ವೇಗಕ್ಕೆ ನೌಕೆಯನ್ನೂ ತಿರುಗಿಸಿ. ಬಾಗಿಲು ನಿಂತ ಹಾಗೆ ಕಾಣತೊಡಗುತ್ತದೆ. ಸೆಕೆಂಡಿಗೆ 100 ಮೀಟರ್ ಮೀರದೆ ನೇರ ಹೋಗಿ. ಹೆಬ್ಬೆರಳು ಹ್ಯಾಟ್ ಮೇಲೆ. ಬಾಗಿಲಿಗೆ ಬರುವ ಮೊದಲೇ ಲ್ಯಾಂಡಿಂಗ್ ಗೇರ್ ಇಳಿಸಿಬಿಡಿ. ಗೇರ್ ಇಳಿದಿದ್ದರೆ ಬೂಸ್ಟ್ ಕೆಲಸ ಮಾಡುವುದಿಲ್ಲ. ಗಾಬರಿಯಲ್ಲಿ ತಪ್ಪು ಬಟನ್ ಒತ್ತಿದರೂ ನೌಕೆ ಉಳಿಯುತ್ತದೆ. ಒಳಗೆ ಹೋದ ಮೇಲೆ ಸ್ಟೇಷನ್ ಜೊತೆ ತಾನೇ ತಿರುಗಲು ರೊಟೇಷನಲ್ ಕರೆಕ್ಷನ್ ಇದೆ. ಬಲಗಡೆಯ ಪ್ಯಾನೆಲ್‌ನಲ್ಲಿ ಅದು ಆನ್ ಇದೆಯಾ ನೋಡಿಕೊಳ್ಳಿ.

ಒಂದು ಸಣ್ಣ ಮಾತು. ನಾನು ಮೊದಲು ಕಲಿಯುವಾಗ ಸ್ಟಿಕ್ಕನ್ನು ಕತ್ತಿ ಹಿಡಿದ ಹಾಗೆ ಬಿಗಿಯಾಗಿ ಹಿಡಿಯುತ್ತಿದ್ದೆ. ಅರ್ಧ ಗಂಟೆಗೆ ಅಂಗೈ ಬೆವರಿ, ಮೊಣಕೈ ನೋವು. ಬುಡವೂ ಮೇಜಿನ ಮೇಲೆ ಜಾರುತ್ತಿತ್ತು. ಕೆಳಗೆ ಒಂದು ರಬ್ಬರ್ ಮ್ಯಾಟ್ ಹಾಕಿ, ಮೊಣಕೈ ಮೇಜಿನ ಮಟ್ಟಕ್ಕೆ ಬರುವ ಹಾಗೆ ಕುರ್ಚಿ ಏರಿಸಿದ ದಿನವೇ ಬಾಗಿಲಲ್ಲಿ ಗುದ್ದುವುದು ಅರ್ಧಕ್ಕರ್ಧ ಕಡಿಮೆ ಆಯಿತು. ಸ್ಟಿಕ್ಕನ್ನು ಮೂರು ಬೆರಳಲ್ಲಿ ಹಿಡಿಯಿರಿ, ಸಾಕು.

ಪ್ರಶ್ನೆ: ಮಂಗಳೂರಿನ ಪಣಂಬೂರು ಕಡೆ ನಮ್ಮ ಮನೆ, ಕಡಲು ಹತ್ತಿರವೇ. ಎರಡು ವರ್ಷ ಹಳೆಯ ಜಾಯ್‌ಸ್ಟಿಕ್. ಮಳೆಗಾಲ ಶುರುವಾದ ಮೇಲೆ ನೌಕೆ ತನ್ನಷ್ಟಕ್ಕೆ ಬಲಕ್ಕೆ ತಿರುಗುತ್ತಿದೆ. ಡೆಡ್‌ಜೋನ್ ಎಷ್ಟು ಏರಿಸಿದರೂ ಸರಿ ಹೋಗಲಿಲ್ಲ. ಹೊಸದು ತಗೊಳ್ಳಬೇಕಾ?

ಉತ್ತರ: ಈಗಲೇ ಬೇಡ. ತುಂಬ ಜಾಯ್‌ಸ್ಟಿಕ್‌ಗಳ ಒಳಗೆ, ಮುಖ್ಯವಾಗಿ ತಿರುಚುವ ಭಾಗದಲ್ಲಿ, ಪೊಟೆನ್ಶಿಯೊಮೀಟರ್ ಇರುತ್ತದೆ. ಹಳೆಯ ರೇಡಿಯೋದ ವಾಲ್ಯೂಮ್ ತಿರುಪು ಇದ್ದ ಹಾಗೆ. ಇಂಗಾಲದ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜಿಕೊಂಡು ಓಡಾಡುತ್ತದೆ. ಉಪ್ಪು ಗಾಳಿ, ಧೂಳು, ತೇವ ಸೇರಿದರೆ ಆ ಸಂಪರ್ಕ ಕೆಡುತ್ತದೆ. ನನ್ನದೇ ಒಂದು ಸ್ಟಿಕ್ ಬಿಚ್ಚಿದಾಗ ಲೋಹದ ಕಾಲುಗಳ ಮೇಲೆ ಹಸಿರು ಕಿಲುಬು ಹಿಡಿದಿತ್ತು, ತಿಕ್ಕದೆ ಬಿಟ್ಟ ಹಿತ್ತಾಳೆ ದೀಪದ ಹಾಗೆ.

ಮೊದಲು ವಿಂಡೋಸ್‌ನಲ್ಲೇ ಕ್ಯಾಲಿಬ್ರೇಟ್ ಮಾಡಿ, ಅಂದರೆ ಸ್ಟಿಕ್‌ನ ನಡು ಎಲ್ಲಿ, ತುದಿ ಎಲ್ಲಿ ಅಂತ ಹೊಸದಾಗಿ ತಿಳಿಸಿ ನೋಡಿ. ನಡುವಿನ ಬಿಂದು ಸುಮ್ನೆ ಒಂದು ಕಡೆ ಸರಿದಿದ್ದರೆ ಅಷ್ಟಕ್ಕೇ ಸರಿ ಹೋಗುತ್ತದೆ. ಕೈ ಮುಟ್ಟದಿದ್ದರೂ ಸೂಚಕ ನಡುಗುತ್ತಿದ್ದರೆ ಅದು ಕೊಳೆ ಅಥವಾ ಸವೆತ. ಡೆಡ್‌ಜೋನ್ ನಡುವಿನ ನಡುಕವನ್ನು ಮಾತ್ರ ಮುಚ್ಚುತ್ತದೆ, ದಾರಿಯ ಮಧ್ಯೆ ಎಗರುವುದಕ್ಕೆ ಅದರಲ್ಲಿ ಮದ್ದಿಲ್ಲ. ವಾರಂಟಿ ಮುಗಿದಿದ್ದರೆ ಯುಎಸ್‌ಬಿ ಕಳಚಿ, ಸ್ಟಿಕ್ ಬಿಚ್ಚಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಹಾಕಿ, ಮೂವತ್ತು ನಲವತ್ತು ಸಲ ಪೂರ್ತಿ ಆಚೀಚೆ ತಿರುಗಿಸಿ, ಒಣಗಲು ಬಿಡಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಒಳಗಿನ ಸ್ಪ್ರಿಂಗ್ ಎಲ್ಲಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳುವುದು ಬೇಡ.

ಆಡದ ದಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಆಟಿ ತಿಂಗಳಲ್ಲಿ ಹಪ್ಪಳಕ್ಕೆ ಕೊಡುವಷ್ಟು ಕಾಳಜಿ ಇದಕ್ಕೂ ಕೊಡಬೇಕು. ಮುಂದೆ ಹೊಸದು ತಗೊಳ್ಳುವಾಗ ಹಾಲ್ ಸೆನ್ಸರ್ ಇರುವುದನ್ನು ನೋಡಿ. ಅದು ಅಯಸ್ಕಾಂತದಿಂದ ಕೆಲಸ ಮಾಡುತ್ತದೆ, ಉಜ್ಜುವ ಭಾಗ ಇಲ್ಲ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಸ್ಟಿಕ್‌ನ ಎರಡು ಮುಖ್ಯ ದಿಕ್ಕುಗಳಿಗೆ ಇದೇ ಸೆನ್ಸರ್. ಅದರ ತಿರುಚುವ ಭಾಗಕ್ಕೆ ಮಾತ್ರ ಹಳೆಯ ಪೊಟೆನ್ಶಿಯೊಮೀಟರೇ ಇದೆ ಅನ್ನುವುದು ಗೊತ್ತಿರಲಿ. ಎಡಗೈಯವರಿಗೂ ಆ ಸ್ಟಿಕ್ ಒಳ್ಳೆಯದು, ಹಿಡಿಯ ಭಾಗಗಳನ್ನು ಬಿಚ್ಚಿ ಎಡಕ್ಕೆ ಹೊಂದುವ ಹಾಗೆ ಬದಲಿಸಬಹುದು.

ಪ್ರಶ್ನೆ: ಎರಡು ದಿನ ಕೂತು ಮಾಡಿದ ಸೆಟ್ಟಿಂಗ್ ಎಲ್ಲ ಒಂದು ಸಂಜೆ ಮಾಯ. ಯಾಕೆ ಹೀಗೆ? (ಮಣಿಪಾಲದ ಓದುಗರು)

ಉತ್ತರ: ಜಾಯ್‌ಸ್ಟಿಕ್ ಸಿಕ್ಕಿಸದೆ ಆಟ ತೆರೆದಿರಬೇಕು. ಅಥವಾ ಯುಎಸ್‌ಬಿ ಹಬ್‌ನಲ್ಲಿ ಅದು ಆ ಹೊತ್ತಿಗೆ ಎಚ್ಚರ ಆಗಿರಲಿಲ್ಲ. ಸೆಟ್ಟಿಂಗ್‌ನಲ್ಲಿ ಹೆಸರಿರುವ ಸಾಧನ ಸಿಗದಿದ್ದರೆ ಆಟ ಮೊದಲಿನ ಸಿದ್ಧ ಸೆಟ್ಟಿಂಗ್‌ಗೆ ಹೋಗಿಬಿಡುತ್ತದೆ. ನಿಮ್ಮ ಫೈಲ್ ಬಹುಶಃ ಇನ್ನೂ ಅಲ್ಲೇ ಇದೆ. ಆಟ ಮುಚ್ಚಿ, ಜಾಯ್‌ಸ್ಟಿಕ್ ಸಿಕ್ಕಿಸಿ, ಮತ್ತೆ ತೆರೆದು, ಕಂಟ್ರೋಲ್ಸ್ ಪುಟದ ಮೇಲಿನ ಪಟ್ಟಿಯಲ್ಲಿ ಕಸ್ಟಮ್ ಆರಿಸಿ ನೋಡಿ.

ಬಂದ ಕೂಡಲೇ ಪ್ರತಿ ತೆಗೆದಿಡಿ. ವಿಂಡೋಸ್ ಬಳಕೆದಾರರ ಆಪ್‌ಡೇಟಾ ಫೋಲ್ಡರಿನ ಲೋಕಲ್ ಒಳಗೆ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್, ಅದರೊಳಗೆ ಎಲೀಟ್ ಡೇಂಜರಸ್, ಆಪ್ಷನ್ಸ್, ಬೈಂಡಿಂಗ್ಸ್. ಅಲ್ಲಿ ಕಸ್ಟಮ್ ಹೆಸರಿನ, ಬೈಂಡ್ಸ್ ಅಂತ ಕೊನೆಯಾಗುವ ಫೈಲೇ ನಿಮ್ಮ ಎರಡು ದಿನದ ಕೆಲಸ. ಪೆನ್‌ಡ್ರೈವ್‌ಗೆ ಒಂದು, ನಿಮಗೆ ನೀವೇ ಇಮೇಲ್ ಮಾಡಿ ಇನ್ನೊಂದು. ಜಾಯ್‌ಸ್ಟಿಕ್ಕನ್ನು ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಸಿಕ್ಕಿಸಿ, ಪ್ರತಿಸಲ ಅದೇ ಪೋರ್ಟ್‌ಗೆ.