412ನೇ ಪುಟವೊಂದನ್ನೇ ಓದಿದರೆ

ಪ್ರಶ್ನೆ: ನನಗೆ 37 ವರ್ಷ. ಶಿರಸಿ ತಾಲೂಕಿನ ಹಳ್ಳಿ, ಅಡಿಕೆ ತೋಟದ ಮನೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗಳು ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟಳು. ಡ್ರ್ಯಾಗನ್ ಏರಿ ಹಾರುವ ಸವಾರರ ಪ್ರೇಮಕಥೆ, ಸುಮಾರು 600 ಪುಟ. ಬಹಳ ಹಿಡಿಸಿತು. ಎಲ್ಲ ಮಲಗಿದ ಮೇಲೆ ಓದುವುದು, ಹಗಲು ಕಪಾಟಿನಲ್ಲಿ ಸೀರೆಗಳ ನಡುವೆ ಇಡುವುದು. ಇಬ್ಬರೂ ಯಾವಾಗ ಒಂದಾಗುತ್ತಾರೋ ಎಂದು ತಡೆಯಲಾಗದೆ 230ರಿಂದ ನೇರ 412ನೇ ಪುಟಕ್ಕೆ ಹೋದೆ. ಮೊದಲೆಲ್ಲೋ ತಾನೇ ಕೊಟ್ಟ ಕೈಗವಸನ್ನು ಅವನು ಅಲ್ಲಿ ಅವಳ ಕೈಯಿಂದ ಬಿಚ್ಚುತ್ತಾನೆ, ಮುಂದಿನದು ಬರೆಯಲು ನಾಚಿಕೆ. ಆದರೆ ಓದಿ ನನಗೆ ಏನೂ ಅನ್ನಿಸಲಿಲ್ಲ. ಅದೇ ಪುಟಕ್ಕೆ ಗುರುತಿಟ್ಟಿದ್ದ ಪುಸ್ತಕ ನಮ್ಮನೆಯವರ ಕೈಗೆ ಸಿಕ್ಕಿತು. "ನನ್ನಲ್ಲಿ ಇಲ್ಲದ್ದನ್ನ ಇದರಲ್ಲಿ ಹುಡುಕ್ತಿದೀಯಾ?" ಅಂದರು. ಆಮೇಲೆ ಸರಿಯಾಗಿ ಮಾತಿಲ್ಲ. ಎಂಟನೇ ಕ್ಲಾಸಿನ ಮಗಳು ಮುಖಪುಟದ ಡ್ರ್ಯಾಗನ್ ನೋಡಿ ತನಗೂ ಕೊಡು ಅನ್ನುತ್ತಾಳೆ. ಇಂಥದ್ದು ಓದುವುದನ್ನೇ ಬಿಟ್ಟುಬಿಡಲೇ?
(ಹೆಸರು ಬೇಡ, ಶಿರಸಿ)

ಉತ್ತರ: ಬಿಡಬೇಡಿ ತಂಗಿ. ನೀವೂ ನಿಮ್ಮ ಯಜಮಾನರೂ ಆ ಪುಟಕ್ಕೆ ಒಂದೇ ದಾರಿಯಲ್ಲಿ ಬಂದಿದ್ದೀರಿ, ಹಿಂದಿನದನ್ನು ಓದದೆ. ನಿಮಗದು ಸಪ್ಪೆಯಾಯಿತು, ಅವರಿಗೆ ಚುಚ್ಚಿತು. ಎರಡಕ್ಕೂ ಕಾರಣ ಒಂದೇ.

ಮೊದಲು ನಿಮ್ಮ ಓದಿನ ವಿಷಯ. ಸ್ಲೋ ಬರ್ನ್ ಎಂದು ಕರೆಯುವ ಈ ನಿಧಾನಕ್ಕೆ ಕಾವೇರುವ ಪ್ರೇಮಕಥೆಗಳಲ್ಲಿ ಮೊದಲ ಮುತ್ತು ಸಾಮಾನ್ಯವಾಗಿ ಅರ್ಧ ಪುಸ್ತಕ ದಾಟಿದ ಮೇಲೆಯೇ. ಅಲ್ಲಿಯವರೆಗೆ ಲೇಖಕರು ಸುಮ್ಮನೆ ಕಾಲ ತಳ್ಳುತ್ತಿರುವುದಿಲ್ಲ. ಒಂದು ಸಣ್ಣ ವಸ್ತುವನ್ನೋ ಅಭ್ಯಾಸವನ್ನೋ ಹಿಡಿದು ಮೂರು ನಾಲ್ಕು ಸಲ ತರುತ್ತಾರೆ, ಪ್ರತಿ ಸಲವೂ ಅದರ ಅರ್ಥ ಬದಲಾಗಿರುತ್ತದೆ. ನಿಮ್ಮ ಪುಸ್ತಕದಲ್ಲಿ ಅದು ಕೈಗವಸು. ಡ್ರ್ಯಾಗನ್ನಿನ ಹುರುಪೆ ಕೈ ಕೊಯ್ಯುತ್ತದೆಂದು ಕೊಟ್ಟಾಗ ಅದು ಬರೀ ತೊಗಲು. ನಡುವಿನ 180 ಪುಟಗಳಲ್ಲಿ ಅದು ಹರಿಯಿತೋ, ಕಳೆಯಿತೋ, ರಾತ್ರಿ ಕೂತು ಯಾರಾದರೂ ಹೊಲಿದರೋ ನಿಮಗೆ ಗೊತ್ತಿಲ್ಲ. ಅದು ಗೊತ್ತಿಲ್ಲದೆ 412ಕ್ಕೆ ಹೋದರೆ ಕಾಣುವುದು ಒಬ್ಬ ಗಂಡಸು ಒಂದು ಗವಸು ಬಿಚ್ಚುವುದು, ಅಷ್ಟೇ.

ಕೊನೆ ಗೊತ್ತಾಗಿಹೋಯಿತಲ್ಲ, ಇನ್ನು ಹಿಂದೆ ಹೋಗಿ ಏನು ಎಂದು ಕೇಳಬಹುದು. ಕೃಷ್ಣಸಂಧಾನದ ತಾಳಮದ್ದಳೆಗೆ ಕೂತವರಿಗೆಲ್ಲ ಸಂಧಾನ ಮುರಿಯುತ್ತದೆಂದು ಗೊತ್ತಿರುತ್ತದೆ. ಆದರೂ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದರೂ ಏಳುವುದಿಲ್ಲ. ಏನಾಗುತ್ತದೆ ಎಂಬುದಕ್ಕಿಂತ ಎಲ್ಲಿ ಮನಸ್ಸು ವಾಲಿತು ಎಂದು ನೋಡುವ ಆಸೆ ಅದು. ಈ ರುಚಿ ನಮ್ಮ ಸೀಮೆಗೆ ಹೊಸದೂ ಅಲ್ಲ. 12ನೇ ಶತಮಾನದಲ್ಲಿ ನೇಮಿಚಂದ್ರ ಬರೆದ 'ಲೀಲಾವತಿ'ಯಲ್ಲಿ ಕದಂಬರ ರಾಜಕುಮಾರನೂ ರಾಜಕುಮಾರಿಯೂ ಒಬ್ಬರನ್ನೊಬ್ಬರು ಮೊದಲು ಕಾಣುವುದೇ ಕನಸಿನಲ್ಲಿ, ಸೇರುವುದು ಎಷ್ಟೋ ಅಡ್ಡಿಗಳ ಆಚೆ. ಕದಂಬರ ಬನವಾಸಿ ನಿಮ್ಮ ತಾಲೂಕಿನಲ್ಲೇ ಇದೆ.

230ಕ್ಕೆ ವಾಪಸು ಹೋಗಿ. ದಿನಕ್ಕೆ 25ರಿಂದ 30 ಪುಟ ಸಾಕು. ಇಂಗ್ಲಿಷ್ ಓದಿನ ರೂಢಿ ಕಡಿಮೆಯಿದ್ದರೆ ಪುಟಕ್ಕೆ ಎರಡು ನಿಮಿಷ ಹಿಡಿಯಿರಿ, ಒಂದು ಗಂಟೆಯ ಕೆಲಸ. ಬಿಟ್ಟ 180 ಪುಟ ಒಂದು ವಾರದಲ್ಲಿ ಮುಗಿಯುತ್ತದೆ. ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ. ಈ ಜಾತಿಯ ಪುಸ್ತಕಗಳಲ್ಲಿ ಅಧ್ಯಾಯ ಮುಗಿಯುವುದೇ ಕುತೂಹಲದ ತುದಿಯಲ್ಲಿ, ಅಲ್ಲಿ ನಿಲ್ಲಿಸಿದರೆ ಕೈ ತಾನಾಗಿ ಮುಂದಿನ ಪುಟಕ್ಕೆ ಹೋಗಿ ರಾತ್ರಿ ಎರಡಾಗುತ್ತದೆ. ಅಧ್ಯಾಯದ ನಡುವೆ, ಯಾರೋ ಊಟ ಮಾಡುತ್ತಲೋ ದಾರಿ ನಡೆಯುತ್ತಲೋ ಇರುವ ಕಡೆ ಮುಚ್ಚಿ. ಹೆಸರುಗಳು ಕಲಸಿಹೋಗುವುದೂ ಹಾರಿಸಿ ಓದಲು ದೊಡ್ಡ ಕಾರಣ. ಒಂದು ಹಾಳೆಯಲ್ಲಿ ಸವಾರ, ಅವನ ಡ್ರ್ಯಾಗನ್, ಯಾರ ಪಕ್ಷ ಎಂದು ಮೂರು ಸಾಲು ಮಾಡಿ ಬರೆದಿಡಿ. ಹೊಸ ಶಬ್ದ ಬಂದಾಗಲೆಲ್ಲ ನಿಘಂಟು ತೆಗೆಯಬೇಡಿ, ಮೂರನೇ ಸಲ ಬಂದರೆ ಮಾತ್ರ ನೋಡಿ.

ಡ್ರ್ಯಾಗನ್ನಿನ ಮಾತುಗಳನ್ನಂತೂ ಒಂದನ್ನೂ ಬಿಡಬೇಡಿ. ಇಂಥ ಕಥೆಗಳಲ್ಲಿ ಅದಕ್ಕೆ ಸವಾರಳ ಮನಸ್ಸು ಕೇಳಿಸುತ್ತದೆ. ಅವಳು ತನಗೆ ತಾನೇ ಒಪ್ಪಿಕೊಳ್ಳದ್ದನ್ನು ಅದು ಮೊದಲೇ ತಿಳಿದಿರುತ್ತದೆ, ಒಮ್ಮೊಮ್ಮೆ ಗದರಿಸಿ ಹೇಳುತ್ತದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಸಖಿ ಮಾಡುತ್ತಿದ್ದ ಕೆಲಸವೇ ಇದು. ರೆಕ್ಕೆ, ಬೆಂಕಿ ಎಲ್ಲ ಮೇಲಿನ ಅಲಂಕಾರ.

ಹಾಗೆಂದು ತಡಮಾಡಿದ್ದೆಲ್ಲ ಒಳ್ಳೆಯ ಸ್ಲೋ ಬರ್ನ್ ಆಗುವುದಿಲ್ಲ. ಇಬ್ಬರೂ ಸಿಕ್ಕ ಪ್ರತಿ ಸಲ ಅವರ ನಡುವಿನ ಅಂತರ ಒಂದು ಗೇಣಾದರೂ ಹಿಂದೆ ಮುಂದೆ ಆಗಿದೆಯೇ ನೋಡಿ. ನೂರು ಪುಟ ಅದೇ ಜಗಳ ನಡೆದರೆ, ಒಮ್ಮೆ ಬಾಯಿಬಿಟ್ಟು ಮಾತಾಡಿದ್ದರೆ ತೀರುವ ಅಡ್ಡಿಯನ್ನೇ ಎಳೆದರೆ, ತಪ್ಪು ಪುಸ್ತಕದ್ದು. ಅಂಥದ್ದನ್ನು ಧಾರಾಳ ಹಾರಿಸಿ. ಕೊಟ್ಟ ಆಣೆ, ಎದುರು ಪಕ್ಷದ ಯುದ್ಧ, ಹಳೆಯ ದ್ರೋಹ ಅಡ್ಡ ಇದ್ದರೆ ಕಾಯುವುದಕ್ಕೆ ಬೆಲೆ ಇರುತ್ತದೆ.

ಇನ್ನು ನಿಮ್ಮ ಯಜಮಾನರು. ಅವರನ್ನು ನೋಯಿಸಿದ್ದು ಆ ಪುಟಕ್ಕಿಂತ ಹೆಚ್ಚಾಗಿ ಸೀರೆಯ ಮಡಿಕೆ. ಬಚ್ಚಿಟ್ಟದ್ದು ಸಿಕ್ಕಿದಾಗ ಯಾರಿಗಾದರೂ ಅದು ಕಳ್ಳತನದಂತೆ ಕಾಣುತ್ತದೆ. ಪುಸ್ತಕವನ್ನು ಇವತ್ತೇ ಹೊರಗೆ, ಗಾಳಿಯಾಡುವ ಕಡೆ ಇಡಿ. ಮಳೆಗಾಲದಲ್ಲಿ ಮುಚ್ಚಿದ ಕಪಾಟಿನಲ್ಲಿಟ್ಟರೆ ಬೂಸ್ಟು ಹಿಡಿದು ಸೀರೆಯೂ ಹಾಳಾದೀತು.

ಮಾತು ರಾತ್ರಿ ಮಲಗುವ ಹೊತ್ತಿಗೆ ಬೇಡ, ಕೈಯಲ್ಲಿ ಪುಸ್ತಕ ಇದ್ದಾಗಲೂ ಬೇಡ. "ಬರೀ ಕಥೆ ಅಲ್ವಾ, ಅದಕ್ಕೆಲ್ಲ ಬೇಜಾರಾ?" ಎನ್ನಬೇಡಿ. ಅವರ ಬೇಸರ ಕಥೆಯದ್ದಲ್ಲ, ಹಾಗಂದರೆ ಅವರ ಮಾತು ನಿಮಗೆ ಕೇಳಿಸಲೇ ಇಲ್ಲ ಎಂದಾಗುತ್ತದೆ. ಬಚ್ಚಿಟ್ಟದ್ದು ತನ್ನ ತಪ್ಪು ಎಂದು ಮೊದಲು ಹೇಳಿ. ಆಮೇಲೆ ಹಿಡಿಸಿದ್ದು ಏನು ಎಂದು ಹೇಳಿ: "ಅವನ ಮೈಕಟ್ಟಲ್ಲ ನನಗೆ ಇಷ್ಟವಾದದ್ದು. ಅವಳಿಗೆ ಏನು ಬೇಕು ಅಂತ ಅವ ಗಮನಿಸ್ತಾ ಇರ್ತಾನೆ, ಅದು." ಇದು ನಿಜವಾಗಿದ್ದರೆ ಮಾತ್ರ ಹೇಳಿ. ಹೇಳುತ್ತಾ ಹೋದಂತೆ, ಇಂಥ ಗಮನ ನಿಮಗೂ ಬೇಕಿದೆ ಎಂದು ನಿಮಗೇ ಅನ್ನಿಸಬಹುದು. ಆಗ ಕಾದಂಬರಿಯನ್ನು ಪಕ್ಕಕ್ಕಿಟ್ಟು ಒಂದೇ ಒಂದು ವಿಷಯ ಕೇಳಿ, ನಾಳೆಯೇ ಮಾಡಬಹುದಾದಷ್ಟು ಸಣ್ಣದು. ಪಟ್ಟಿ ಹಿಡಿದರೆ ಆ ನಾಯಕನನ್ನು ಅವರ ಎದುರು ತಂದು ನಿಲ್ಲಿಸಿದ ಹಾಗೆ.

ಅವರ ಕೈಗೆ 600 ಪುಟದ ಇಂಗ್ಲಿಷ್ ಪುಸ್ತಕ ಕೊಟ್ಟು ಓದಿ ನೋಡಿ ಎನ್ನಬೇಡಿ, ತೋಟದಿಂದ ದಣಿದು ಬಂದವರು ಮತ್ತೆ ಅದೇ ಗುರುತಿನ ಪುಟವನ್ನೇ ತೆರೆಯುತ್ತಾರೆ. ಬದಲಿಗೆ ಅಡಿಕೆ ಸುಲಿಯುವಾಗ ಕಥೆ ಹೇಳಿ. ಮೆಟ್ಟುಗತ್ತಿಯ ಮೇಲೆ ಕೂತರೆ ಕೈಗೆ ಕೆಲಸ, ಕಿವಿ ಖಾಲಿ. ಮುಖ ನೋಡಿಕೊಂಡು ಮಾತಾಡಬೇಕಾದ ಮುಜುಗರವೂ ಇಲ್ಲ. ಪ್ರೇಮದಿಂದ ಶುರುಮಾಡಬೇಡಿ. ಡ್ರ್ಯಾಗನ್ ಮೊದಲ ಸಲ ಅವಳನ್ನು ಬೆನ್ನ ಮೇಲೆ ಹತ್ತಿಸಿಕೊಂಡದ್ದು, ಬೀಳುತ್ತ ಬೀಳುತ್ತ ಕಲಿತದ್ದು, ಅಲ್ಲಿಂದ ಶುರುವಾಗಲಿ. ದಿನಕ್ಕೆ ಹತ್ತು ನಿಮಿಷ, ಮುಂದೇನಾಯಿತು ಎಂದು ಅವರು ಕೇಳುವ ಕಡೆ ನಿಲ್ಲಿಸಿ. ಎರಡು ಮೂರು ದಿನವಾದರೂ ಕೇಳದಿದ್ದರೆ ಬಿಟ್ಟುಬಿಡಿ, ಎಲ್ಲರಿಗೂ ಎಲ್ಲ ಕಥೆ ರುಚಿಸಬೇಕೆಂದಿಲ್ಲ. ಅಷ್ಟರಲ್ಲಿ ನೀವು ಮರೆಮಾಡುವುದು ಏನೂ ಇಲ್ಲ ಎಂಬುದಂತೂ ಅವರಿಗೆ ತಿಳಿದಿರುತ್ತದೆ.

ಮಗಳಿಗೆ ಈ ಪುಸ್ತಕ ಈಗ ಬೇಡ. ಮುಖಪುಟ ಮಕ್ಕಳ ಕಥೆಯಂತೆ ಕಂಡರೂ ಒಳಗಿನದು ದೊಡ್ಡವರಿಗೆ ಬರೆದದ್ದು. ಕೆಟ್ಟ ಪುಸ್ತಕ ಎನ್ನಬೇಡಿ, ಮರುದಿನವೇ ಕದ್ದು ಓದುತ್ತಾಳೆ. "ಇದರಲ್ಲಿ ಗಂಡಹೆಂಡತಿಯ ವಿಷಯ ಬಿಚ್ಚಿ ಬರೆದಿದ್ದಾರೆ, ದೊಡ್ಡವಳಾದ ಮೇಲೆ ಓದು" ಎಂದು ನೇರ ಹೇಳಿ.

ಅವಳಿಗೆ ಬೇಕಾದದ್ದು ಡ್ರ್ಯಾಗನ್ ತಾನೆ? ಬಿಸಿಲೇರಿದ ಮೇಲೆ ತೋಟಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಹಾರುವ ಓತಿ ತೋರಿಸಿ. ಅದರ ಕುಲಕ್ಕೆ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಇಟ್ಟ ಹೆಸರೇ ಡ್ರ್ಯಾಕೊ, ಡ್ರ್ಯಾಗನ್ ಎಂದೇ ಅರ್ಥ. ನಮ್ಮ ಘಟ್ಟದ ಜಾತಿ ಅಡಿಕೆ ಮರದಲ್ಲೂ ಇರುತ್ತದೆ, ಇರುವೆ ತಿಂದು ಬದುಕುತ್ತದೆ. ತೊಗಟೆಯದೇ ಬಣ್ಣವಾದ್ದರಿಂದ ಸುಮ್ಮನೆ ಕೂತಿದ್ದರೆ ಕಾಣುವುದಿಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಫಕ್ಕನೆ ಬಿಚ್ಚಿ ಮಡಚುತ್ತದೆ, ಅದನ್ನು ಹುಡುಕಲು ಹೇಳಿ. ಹಾರುವಾಗ ಉದ್ದನೆಯ ಪಕ್ಕೆಲುಬುಗಳು ಅಗಲಕ್ಕೆ ಚಾಚಿ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಜಾರಿ ಪಕ್ಕದ ಮರದ ಕೆಳಭಾಗಕ್ಕೆ ಇಳಿದು ಮತ್ತೆ ಮೇಲಕ್ಕೆ ಹತ್ತುತ್ತದೆ. ಹೆಣ್ಣು ನೆಲಕ್ಕೆ ಬರುವುದು ಮೊಟ್ಟೆಯಿಡಲು. ಅರ್ಧ ಗಂಟೆ ಅಲುಗಾಡದೆ ನಿಲ್ಲಬೇಕು, ನೀವೂ ಜೊತೆಗೆ ನಿಲ್ಲಿ.

ಮುಂದಿನ ಭಾಗ ಕೊಳ್ಳುವ ಮೊದಲು ಸರಣಿ ಪೂರ್ತಿ ಬಂದಿದೆಯೇ ಎಂದು ಪುಸ್ತಕ ಕೊಟ್ಟ ಚಿಕ್ಕಪ್ಪನ ಮಗಳನ್ನು ಕೇಳಿ. ಇಂಥವು ಮೂರು ನಾಲ್ಕು ಸಂಪುಟ ಹೋಗುತ್ತವೆ, ಎಷ್ಟೋ ಸಲ ಒಂದು ಸಂಪುಟ ಮುಗಿಯುವುದೇ ಇಬ್ಬರನ್ನು ಅಗಲಿಸಿ. ಅದಕ್ಕೆ ಮೊದಲು 230ರಿಂದ ಆ ಕೈಗವಸನ್ನು ಹಿಂಬಾಲಿಸಿ. 412 ಬರುವ ಹೊತ್ತಿಗೆ ಅದನ್ನು ಯಾರು ಹೊಲಿದರು ಎಂಬುದು, ಮೆಟ್ಟುಗತ್ತಿಯ ಆಚೆ ಕೂತವರಿಗೂ ಗೊತ್ತಿರಲಿ.