ತೆಗೆದ್ರೆ ಖಾಲಿ, ಆದ್ರೂ ಕೆಂಪು ಗೆರೆ: ಈ ಎಫ್ ಡ್ರೈವ್ ವೈರಸ್ಸಾ?

ನೀವು ಕೇಳಿರೋದು ಇಷ್ಟು ತಾನೇ: ವಿಂಡೋಸ್ 11 ಅಪ್‌ಡೇಟ್ ಆದ್ಮೇಲೆ ದಿಸ್ ಪಿಸಿ ತೆಗೆದ್ರೆ ಸಿ, ಡಿ ಜೊತೆಗೆ ಹೆಸರಿಲ್ಲದ ಒಂದು ಎಫ್ ಡ್ರೈವ್ ಬಂದು ಕೂತಿದೆ, 499 ಎಂಬಿ, ಜಾಗ ಇಲ್ಲ ಅಂತ ಕೆಂಪು ಗೆರೆ ತೋರಿಸ್ತಿದೆ, ಒಳಗೆ ಹೋಗಿ ನೋಡಿದ್ರೆ ಏನೂ ಇಲ್ಲ. ಸಿ ಮೇಲೆ ಒಂದು ಬೀಗದ ಚಿತ್ರ, ಅದರ ಜೊತೆ ಹಳದಿ ತ್ರಿಕೋನ. ಜಿ ಅಂತ ಇನ್ನೊಂದು, ಎಚ್ ಅಂತ ಒಂದು ಡಿವಿಡಿ ಡ್ರೈವ್, ಆದ್ರೆ ನಿಮ್ಮ ಲ್ಯಾಪ್‌ಟಾಪಲ್ಲಿ ಡಿವಿಡಿ ಹಾಕೋ ಬಾಯೇ ಇಲ್ಲ. ವೈರಸ್ಸಾ, ಎಫ್ ಫಾರ್ಮ್ಯಾಟ್ ಹೊಡೆದು ಒಳಗಿರೋದನ್ನೆಲ್ಲ ಅಳಿಸಿಬಿಡ್ಲಾ ಅಂತ ಕೇಳಿದೀರಿ.

ಹೊಡೀಬೇಡಿ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಆ ತಪ್ಪು ನಾನು ಮಾಡಿದೀನಿ.

2011ರಲ್ಲಿ ತೀರ್ಥಹಳ್ಳಿಲಿ ನಮ್ಮ ಸೋದರಮಾವನ ಮನೇಲಿ ಒಂದು ವಿಂಡೋಸ್ 7 ಕಂಪ್ಯೂಟರ್ ಇತ್ತು. ಹಾಡು, ಫೋಟೋ ಎಲ್ಲ ಕಾಪಿ ಮಾಡ್ಕೊಳ್ಳೋಣ ಅಂತ ಅದರ ಹಾರ್ಡ್ ಡಿಸ್ಕ್ ಬಿಚ್ಚಿ ತಂದು ನನ್ನ ಸಿಪಿಯುಗೆ ಸಿಕ್ಕಿಸಿದೆ, ಸಿಕ್ಕಿಸಿದ ತಕ್ಷಣ ಸಿಸ್ಟಮ್ ರಿಸರ್ವ್ಡ್ ಅಂತ 100 ಎಂಬಿದು ಒಂದು ಡ್ರೈವ್ ಕಾಣಿಸ್ತು, ಒಳಗೆ ಖಾಲಿ. ಏನಿದು ಕಸ ಅಂತ ರೈಟ್ ಕ್ಲಿಕ್ಕು, ಫಾರ್ಮ್ಯಾಟು, ಎರಡು ಸೆಕೆಂಡಲ್ಲಿ ಮುಗೀತು, ಉಪಕಾರ ಮಾಡಿದೆ ಅಂತಾನೇ ಅಂದ್ಕೊಂಡೆ. ವಾಪಸ್ ಹೋಗಿ ಹಾಕಿ ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್ ಮೇಲೆ ಒಂದೇ ಸಾಲು: ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್. ಪೇಟೇಲಿ ಅಂಗಡಿಯೋನಿಗೆ ತೋರಿಸಿದ್ರೆ ಹಾರ್ಡ್ ಡಿಸ್ಕೇ ಹೋಗಿದೆ, ಹೊಸದು ಹಾಕ್ಬೇಕು ಅಂದ. ಮಾವ ಏನೂ ಅನ್ಲಿಲ್ಲ, ಅತ್ತೆ ಕಾಫಿ ತಂದಿಟ್ಟು "ಮದುವೆ ಫೋಟೋ ಅದ್ರಲ್ಲೇ ಇತ್ತಲ್ವನಾ" ಅಂತ ಅಷ್ಟೇ ಕೇಳಿದ್ರು. ಬೈದಿದ್ರೆ ವಾಸಿ ಇತ್ತು. ಡಿಸ್ಕ್ ಎಲ್ಲಿ ಹೋಗಿರುತ್ತೆ, ಫೋಟೋ ಅಲ್ಲೇ ಇತ್ತು, ವಿಂಡೋಸ್ ಕೂಡ ಅಲ್ಲೇ ಇತ್ತು, ಆ ವಿಂಡೋಸನ್ನ ಎಬ್ಬಿಸೋ ಫೈಲು ಮಾತ್ರ ನಾನು ಅಳಿಸಿದ್ದೆ. ಯಾರದ್ದೋ ವಿಂಡೋಸ್ 7 ಡಿವಿಡಿ ಇಸ್ಕೊಂಡು ಬಂದು ರಿಪೇರ್‌ಗೆ ಹೋಗಿ ಬಿಸಿಡಿಬೂಟ್ ಅನ್ನೋ ಕಮಾಂಡ್ ಒಂದು ಸಾಲು ಹೊಡೆದಿದ್ದಕ್ಕೆ ಎದ್ದು ಕೂತ್ಕೊಂತು.

ಈಗ ನಿಮ್ಮ ಎಫ್ ವಿಷಯಕ್ಕೆ ಬರೋಣ. ನಮ್ಮ ಕಡೆ ಹಳೇ ಮನೆ ನೋಡಿದೀರಲ್ಲ, ಮುಂದೆ ಜಗಲಿ, ಆಮೇಲೆ ನಡುಮನೆ, ಹಿಂದೆಲ್ಲೋ ಕತ್ತಲೆ ಉಗ್ರಾಣ. ಬಂದೋರು ಜಗಲಿ ತನಕ, ಮನೇವ್ರು ನಡುಮನೇಲಿ, ಉಗ್ರಾಣಕ್ಕೆ ಬೇಕಾದಾಗ ಮಾತ್ರ. ನಿಮ್ಮ ಲ್ಯಾಪ್‌ಟಾಪಿನ ಎಸ್ಎಸ್‌ಡಿ, ಅಂದ್ರೆ ಫೈಲೆಲ್ಲ ಕೂತಿರೋ ಡಿಸ್ಕು, ಅದೂ ಹಾಗೇ ಭಾಗ ಭಾಗವಾಗಿರೋದು, ಒಂದೊಂದು ಭಾಗಕ್ಕೂ ಪಾರ್ಟಿಷನ್ ಅಂತಾರೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಕೆಳಗಡೆ ಡಿಸ್ಕ್ 0 ಅಂತ ಒಂದು ಉದ್ದ ಪಟ್ಟಿ ಇರುತ್ತೆ. ಅದ್ರಲ್ಲಿ ಮೊದ್ಲು 100 ಎಂಬಿ ಆಸುಪಾಸಿನ ಇಎಫ್ಐ ಸಿಸ್ಟಮ್ ಪಾರ್ಟಿಷನ್, ಅದು ಜಗಲಿ. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಎಚ್ಚರ ಆಗೋದು ವಿಂಡೋಸ್ ಅಲ್ಲ, ಮದರ್‌ಬೋರ್ಡ್ ಮೇಲೇ ಕೂತಿರೋ ಪುಟ್ಟ ಸಾಫ್ಟ್‌ವೇರ್, ಅದಕ್ಕೆ ಫರ್ಮ್‌ವೇರ್ ಅಂತಾರೆ. ಅದಕ್ಕೆ ಸಾಮಾನ್ಯವಾಗಿ ಓದೋಕೆ ಬರೋದು ಫ್ಯಾಟ್ ಅನ್ನೋ ಹಳೇ ಪದ್ಧತಿ, ನಿಮ್ಮ ಸಿ ಡ್ರೈವ್ ಇರೋ ಎನ್‌ಟಿಎಫ್‌ಎಸ್ ಬರಲ್ಲ. ಹಾಗಾಗಿ ಅದರ ಕೈಗೆ ಸಿಗೋ ಹಾಗೆ ಜಗಲಿ ಮೇಲೆ ಫ್ಯಾಟ್32ನಲ್ಲಿ ನಾಲ್ಕು ಬೂಟ್ ಫೈಲ್, ಅಂದ್ರೆ ವಿಂಡೋಸನ್ನ ಎಬ್ಬಿಸೋ ಫೈಲ್, ಇಟ್ಟಿರ್ತಾರೆ, ಫರ್ಮ್‌ವೇರ್ ಅಲ್ಲಿ ತನಕ ಬಂದು, ಅಲ್ಲಿದ್ದೋನನ್ನ ಎಬ್ಬಿಸಿ, ಅವನು ಒಳಗೆ ಹೋಗಿ ಸಿ ಡ್ರೈವಲ್ಲಿರೋ ವಿಂಡೋಸನ್ನ ಎಬ್ಬಿಸ್ತಾನೆ. ಇದರ ಪಕ್ಕ ಇನ್ನೊಂದು 16 ಎಂಬಿ ತುಂಡು ಇರುತ್ತೆ, ಮೈಕ್ರೋಸಾಫ್ಟಿನೋರು ತಮಗೆ ಅಂತ ಕಾದಿರಿಸಿಕೊಂಡಿದ್ದು, ಅದು ಡಿಸ್ಕ್ ಮ್ಯಾನೇಜ್‌ಮೆಂಟಲ್ಲೂ ಕಾಣಲ್ಲ, ಬಿಡಿ. ಆಮೇಲೆ ಸಿ. ಸಿ ಆದ್ಮೇಲೆ ರಿಕವರಿ ಪಾರ್ಟಿಷನ್, ಐನೂರು ಎಂಬಿಯಿಂದ ಒಂದು ಜಿಬಿ ತನಕ ಇರುತ್ತೆ, ಅದೇ ಉಗ್ರಾಣ. ವಿಂಡೋಸ್ ಕೆಟ್ಟು ನಿಂತಾಗ ನೀಲಿ ಬಣ್ಣದ ರಿಪೇರಿ ಮೆನು ಬರುತ್ತಲ್ಲ, ಅದು ಬರೋದು ಅಲ್ಲಿಂದ.

ನಿಮ್ಮ ಎಫ್ 499 ಎಂಬಿ ಅಂದ್ರಿ. ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಎಫ್ ಅಂತ ಬರೆದಿರೋ ಡಬ್ಬಿಯಲ್ಲೇ ರಿಕವರಿ ಪಾರ್ಟಿಷನ್ ಅಂತಾನೂ ಇದ್ರೆ ವಿಷಯ ಮುಗೀತು, ಉಗ್ರಾಣದ ಬಾಗಿಲಿಗೆ ಯಾರೋ ಬೋರ್ಡ್ ತಗ್ಲಾಕಿ ಬೀದಿಗೆ ಕಾಣೋ ಹಾಗೆ ಮಾಡಿದಾರೆ ಅಷ್ಟೇ. ಎಫ್ ಅನ್ನೋ ಅಕ್ಷರ ಬರೀ ಬೋರ್ಡು, ಅದು ಇದ್ರೂ ಇಲ್ದಿದ್ರೂ ಒಳಗಿರೋ ಸಾಮಾನು ಅದೇ. ಸಾಮಾನ್ಯವಾಗಿ ಇಂಥ ಪಾರ್ಟಿಷನ್ನಿಗೆ ವಿಂಡೋಸ್ ಅಕ್ಷರ ಕೊಡಲ್ಲ, ಅಪ್‌ಡೇಟ್ ಹೊತ್ತಲ್ಲಿ ಒಂದೊಂದ್ಸಲ ಕೈತಪ್ಪಿ ಕೊಟ್ಬಿಡುತ್ತೆ. ವಿಂಡೋಸ್ 10ರ 2018ರ ಏಪ್ರಿಲ್ ಅಪ್‌ಡೇಟ್ ಬಂದಾಗ ಎಷ್ಟೋ ಜನಕ್ಕೆ ಹೀಗೇ ಆಗಿ, ಇದ್ದಕ್ಕಿದ್ದ ಹಾಗೆ ಹೊಸ ಡ್ರೈವ್, ಅದರ ಹಿಂದೆ ಲೋ ಡಿಸ್ಕ್ ಸ್ಪೇಸ್ ಅಂತ ಮೇಲಿಂದ ಮೇಲೆ ನೋಟಿಫಿಕೇಷನ್ ಬರ್ತಿತ್ತು. ಕೆಂಪು ಗೆರೆಗೂ ಅರ್ಥ ಅಷ್ಟೇ, ನೂರಕ್ಕೆ ಹತ್ತು ಭಾಗಕ್ಕಿಂತ ಕಮ್ಮಿ ಜಾಗ ಉಳಿದ್ರೆ ಗೆರೆ ಕೆಂಪಾಗುತ್ತೆ. ರಿಕವರಿ ಪಾರ್ಟಿಷನ್ನನ್ನ ಅಳತೆ ನೋಡಿ ಹೊಲೆದ ಹಾಗೆ ಮಾಡಿರ್ತಾರೆ, ತುಂಬಿರೋದೇ ಅದರ ಸ್ವಭಾವ.

ಹಂಗಾದ್ರೆ ತುಂಬಿರೋದು ಖಾಲಿ ಯಾಕೆ ಕಾಣುತ್ತೆ? ಒಳಗಿರೋ ರಿಕವರಿ ಅನ್ನೋ ಫೋಲ್ಡರಿಗೆ ಹಿಡನ್, ಸಿಸ್ಟಮ್ ಅಂತ ಎರಡು ಗುರುತು ಹಾಕಿರ್ತಾರೆ. ವ್ಯೂನಲ್ಲಿ ಹೋಗಿ ಹಿಡನ್ ಐಟಮ್ಸ್ ಟಿಕ್ ಮಾಡಿದ್ರೂ ಕಾಣಲ್ಲ, ಯಾಕಂದ್ರೆ ಸಿಸ್ಟಮ್ ಫೈಲ್ ತೋರಿಸೋ ಟಿಕ್ಕು ಬೇರೆ, ಅದು ಫೋಲ್ಡರ್ ಆಪ್ಷನ್ಸ್ ಒಳಗಿದೆ. ನೀವು ಭೂತ ಬಂಗ್ಲೆ ಅಂದ್ಕೊಂಡು ಹೆದರಿದ್ದು ಸಹಜ, ಬಾಡಿಗೆದಾರ ಒಳಗೇ ಇದಾನೆ, ಕದ ತೆಗೀತಿಲ್ಲ ಅಷ್ಟೇ.

ಆ ಎಫ್ ಅನ್ನೋ ಬೋರ್ಡನ್ನ ತೆಗೆದುಹಾಕೋದು ಹೇಗೆ ಅಂದ್ರೆ, ಬೇರೆ ಡ್ರೈವಾಗಿದ್ರೆ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್ ಅಂತ ಹೋಗಿ ರಿಮೂವ್ ಒತ್ತಿದ್ರೆ ಆಯ್ತು. ರಿಕವರಿ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಮಾತ್ರ ಬರೀ ಹೆಲ್ಪ್ ಅಂತ ಒಂದೇ ಬರುತ್ತೆ, ಬೇರೆ ಏನೂ ಇರಲ್ಲ, ನಿಮ್ಮಂಥವ್ರಿಂದ ನನ್ನಂಥವ್ರಿಂದ ಕಾಪಾಡೋಕೇ ಹಾಗೆ ಮಾಡಿರೋದು. ಅದಕ್ಕೆ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಮೌಂಟ್‌ವಾಲ್ (mountvol) ಅಂತ ಹೊಡೆದು ಒಂದು ಸ್ಪೇಸ್, ಆಮೇಲೆ ಎಫ್, ಕೋಲನ್, ಮತ್ತೆ ಸ್ಪೇಸ್, ಸ್ಲ್ಯಾಶ್, ಡಿ, ಎಂಟರ್. ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು. ಸ್ಲ್ಯಾಶ್ ಹಾಕಿದ ಡಿ ನಿಮ್ಮ ಡಿ ಡ್ರೈವ್ ಅಲ್ಲ, ಫೈಲ್ ಡಿಲೀಟ್ ಮಾಡೋದೂ ಅಲ್ಲ, ಬೋರ್ಡ್ ಕಿತ್ತಾಕು ಅಂತ ಅರ್ಥ. ಎಂಟರ್ ಹೊಡೆಯೋ ಮುಂಚೆ ಅಲ್ಲಿರೋದು ಎಫ್ ತಾನೇ ಅಂತ ಇನ್ನೊಂದ್ಸಲ ನೋಡ್ಕೊಳಿ. ಯೂಟ್ಯೂಬಲ್ಲಿ ಕೆಲವರು ಇದಕ್ಕೂ ಡಿಸ್ಕ್‌ಪಾರ್ಟ್ ಅನ್ನೋ ಇನ್ನೊಂದು ಕಮಾಂಡ್ ತೆಗೆದು ಕ್ಲೀನ್ ಹೊಡೀರಿ ಅಂತ ಹೇಳ್ಕೊಡ್ತಾರೆ, ದಮ್ಮಯ್ಯ, ಅದನ್ನ ಮಾತ್ರ ಮಾಡ್ಬೇಡಿ, ಕ್ಲೀನ್ ಅನ್ನೋದು ಒಂದು ಪಾರ್ಟಿಷನ್ನಿಗಲ್ಲ, ಇಡೀ ಡಿಸ್ಕಿನ ಪಾರ್ಟಿಷನ್ ಲೆಕ್ಕಾನೇ ಒರೆಸಿ ಹಾಕುತ್ತೆ.

ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡ್ವಾಗ ಇನ್ನೊಂದು ತಲೆಕೆಟ್ಟ ವಿಷಯ ಕಣ್ಣಿಗೆ ಬೀಳುತ್ತೆ. ವಿಂಡೋಸ್ ಇರೋ ಸಿ ಡಬ್ಬಿಯಲ್ಲಿ ಬೂಟ್ ಅಂತ ಬರೆದಿರುತ್ತೆ, ಬೂಟ್ ಮಾಡೋ ಫೈಲ್ ಇರೋ ಪುಟ್ಟ ಡಬ್ಬಿಯಲ್ಲಿ ಸಿಸ್ಟಮ್ ಅಂತ. ನಿಮಗೆ ಉಲ್ಟಾ ಅನ್ಸಿದ್ರೆ ನೀವು ಸರಿಯಾಗೇ ಯೋಚನೆ ಮಾಡ್ತಿದೀರಿ, ಮೈಕ್ರೋಸಾಫ್ಟಿನೋರು ಅದಕ್ಕಿಟ್ಟ ಹೆಸರೇ ಹಾಗಿದೆ.

ಬೀಗದ ಚಿತ್ರ ಬೇರೆ ಕಥೆ. ಅದು ಬಿಟ್‌ಲಾಕರ್, ಡಿಸ್ಕನ್ನ ಬೇರೆಯವ್ರು ಓದದ ಹಾಗೆ ಮಾಡೋ ವಿಂಡೋಸಿನ ಬೀಗ, ವಿಂಡೋಸಿನ ಹೋಮ್ ಎಡಿಷನ್ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಂತಾರೆ. ಹಳದಿ ತ್ರಿಕೋನ ಬಂತು ಅಂದ್ರೆ ಡಿಸ್ಕನ್ನ ಗೂಢಲಿಪಿ ಮಾಡಿಟ್ಟಾಗಿದೆ ಆದ್ರೆ ಕಾವಲು ಇನ್ನೂ ಶುರು ಆಗಿಲ್ಲ, ಬೀಗ ಹಾಕಿ ಬೀಗದಕೈನ ಅದಕ್ಕೇ ನೇತಾಕಿದ ಹಾಗೆ. ಮನೆ ಲ್ಯಾಪ್‌ಟಾಪಲ್ಲಿ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆದಾಗ ಅದು ಪೂರ್ತಿ ಆಗಿ ತ್ರಿಕೋನ ಹೋಗುತ್ತೆ, 48 ಅಂಕಿಯ ಒಂದು ರಿಕವರಿ ಕೀ ಆ ಅಕೌಂಟಿಗೆ ಹೋಗಿ ಕೂರುತ್ತೆ. ಹಾಗೆ ಮಾಡಿದ್ರೆ ದಯವಿಟ್ಟು ಆ 48 ಅಂಕಿನ ಒಂದು ಹಾಳೇಲಿ ಬರೆದು ಆಧಾರ್, ಪಹಣಿ ಎಲ್ಲ ಇಡ್ತೀರಲ್ಲ ಅಲ್ಲಿಡಿ. ನಾಳೆ ಮದರ್‌ಬೋರ್ಡ್ ಬದಲಾಯಿಸಿದ್ರೆ ಇಲ್ಲಾ ಬಯಾಸ್, ಅಂದ್ರೆ ಆಗ ಹೇಳಿದ ಫರ್ಮ್‌ವೇರ್, ಅಪ್‌ಡೇಟ್ ಮಾಡಿದ್ರೆ ಆನ್ ಮಾಡ್ದಾಗಲೇ ಆ ನಂಬರ್ ಕೇಳಿ ನಿಂತ್ಕೊಳ್ಬಹುದು, ನಂಬರ್ ಎಲ್ಲೂ ಇಲ್ಲ ಅಂದ್ರೆ ಮೈಕ್ರೋಸಾಫ್ಟಿನೋರೂ ತೆಗೆದುಕೊಡೋಕಾಗಲ್ಲ. ಬೀಗಾನೇ ಬೇಡ ಅನ್ನೋದಾದ್ರೆ ಸೆಟ್ಟಿಂಗ್ಸಲ್ಲಿ ಪ್ರೈವೆಸಿ ಆಂಡ್ ಸೆಕ್ಯುರಿಟಿ ಒಳಗೆ ಆಫ್ ಮಾಡ್ಬಹುದು, ಮನೇಲೇ ಇರೋ ಡೆಸ್ಕ್‌ಟಾಪಿಗಾದ್ರೆ ನಾನು ಆಫ್ ಮಾಡ್ತಿದ್ದೆ, ಬಸ್ಸಲ್ಲಿ ಹೊತ್ಕೊಂಡು ಓಡಾಡೋ ಲ್ಯಾಪ್‌ಟಾಪಿಗೆ ಇರ್ಲಿ.

ಜಿ ಮತ್ತೆ ಎಚ್ ಸಣ್ಣ ಸಮಾಚಾರ. ಜಿ ಮೇಲೆ 15 ಜಿಬಿ ಅಂತಿದ್ರೆ ಅದು ಗೂಗಲ್ ಡ್ರೈವ್, ಅದರ ಆಪ್ ಹಾಕಿದ್ರೆ ತಾನೇ ಒಂದು ಡ್ರೈವ್ ಆಗಿ ಬಂದು ಕೂರುತ್ತೆ, ನಿಜವಾದ ಡಿಸ್ಕ್ ಅಲ್ಲ. ಅಲ್ಲಿ ಡಿಲೀಟ್ ಮಾಡಿದ್ರೆ ಫೋನಲ್ಲಿ ಕಾಣೋ ಗೂಗಲ್ ಡ್ರೈವಲ್ಲೂ ಹೋಗುತ್ತೆ, ಹುಷಾರು. ಎಚ್ ಡಿವಿಡಿ ಡ್ರೈವ್ ಅಂದ್ರೆ ನೀವೇ ಯಾವಾಗ್ಲೋ ಐಎಸ್ಒ ಫೈಲ್ (ಇಡೀ ಡಿವಿಡಿನ ಒಂದೇ ಫೈಲಲ್ಲಿ ನಕಲು ಮಾಡಿಟ್ಟಿದ್ದು) ಮೇಲೆ ಡಬಲ್ ಕ್ಲಿಕ್ ಮಾಡಿರ್ತೀರಿ, ವಿಂಡೋಸ್ 8ರಿಂದ ಈಚೆಗೆ ಅದನ್ನ ಡಿವಿಡಿ ಥರ ತೆಗೆದು ತೋರಿಸುತ್ತೆ. ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಡಿ, ಹೋಗುತ್ತೆ, ರೀಸ್ಟಾರ್ಟ್ ಮಾಡಿದ್ರೂ ಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ಯುಎಸ್‌ಬಿಲಿ ಇಂಟರ್ನೆಟ್ ಡಾಂಗಲ್ ಸಿಕ್ಕಿಸಿದೀರಾ ನೋಡಿ, ತುಂಬಾ ಡಾಂಗಲ್‌ಗಳು ತಮ್ಮ ಸಾಫ್ಟ್‌ವೇರನ್ನ ಸಿಡಿ ವೇಷದಲ್ಲಿ ಹೊತ್ಕೊಂಡಿರ್ತವೆ.

ಎ, ಬಿ ಯಾಕಿಲ್ಲ ಅಂತಾನೂ ಕೊನೇಲಿ ಕೇಳಿದೀರಿ. 1981ರ ಐಬಿಎಂ ಪಿಸಿಲಿ ಎರಡು ಫ್ಲಾಪಿ ಡ್ರೈವ್ ತನಕ ಹಾಕ್ಬಹುದಿತ್ತು, ಎ ಒಂದು ಬಿ ಒಂದು. 1983ರಲ್ಲಿ ಪಿಸಿ ಎಕ್ಸ್‌ಟಿ ಬಂದಾಗ ಅದರ 10 ಎಂಬಿ ಹಾರ್ಡ್ ಡಿಸ್ಕಿಗೆ ಸಿ ಅಂತಾಯ್ತು. ಫ್ಲಾಪಿ ಸತ್ತು ಎಷ್ಟೋ ವರ್ಷ ಆಯ್ತು, ಹಿರೀಕರ ಜಾಗಕ್ಕೆ ಇನ್ನೂ ಯಾರೂ ಕೂತಿಲ್ಲ. 512 ಜಿಬಿ ಅಂತ ಡಬ್ಬದ ಮೇಲಿದ್ದು ಒಳಗೆ 476 ಅಂತ ತೋರಿಸೋದೂ ಮೋಸ ಅಲ್ಲ, ಕಂಪ್ನಿಯೋರು ಸಾವಿರದ ಲೆಕ್ಕದಲ್ಲಿ ಮಾರ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತೆ. ಅದೇ ಲೆಕ್ಕಕ್ಕೆ 1 ಟಿಬಿ ಡಿಸ್ಕ್ 931 ಜಿಬಿ ಆಗೋದು. ಮ್ಯಾಕಲ್ಲಿ ಈ ಗಲಾಟೆ ಇಲ್ಲ, 2009ರಿಂದ ಅವ್ರೂ ಸಾವಿರದ ಲೆಕ್ಕಾನೇ ಹಿಡಿದಿದಾರೆ. ಆದ್ರೆ ಅಲ್ಲಿ ಡಿಸ್ಕ್ ಯುಟಿಲಿಟಿ ತೆಗೆದ್ರೆ ಮ್ಯಾಕಿಂಟಾಷ್ ಎಚ್‌ಡಿ ಅಂತ ಒಂದು, ಅದೇ ಹೆಸರಿಗೆ ಡೇಟಾ ಅಂತ ಬಾಲ ಸೇರಿಸಿದ್ದು ಇಲ್ಲಾ ಬರೀ ಡೇಟಾ ಅಂತ ಇನ್ನೊಂದು ಕಾಣುತ್ತೆ, 2019ರ ಕ್ಯಾಟಲಿನಾ ಅನ್ನೋ ಮ್ಯಾಕ್ ಅಪ್‌ಡೇಟಿಂದ ಸಿಸ್ಟಮ್ ಬೇರೆ ನಿಮ್ಮ ಫೈಲ್ ಬೇರೆ ಮಾಡಿದ್ರು, ಎರಡನೇದು ಡೂಪ್ಲಿಕೇಟ್ ಅಂತ ಅಳಿಸೋಕೆ ಹೋದ್ರೆ ನಿಮ್ಮದೆಲ್ಲಾ ಹೋಗುತ್ತೆ.

ನಿಮ್ಮ ಪ್ರಶ್ನೇಲಿ ಒಂದು ಮಾತು ಮಧ್ಯದಲ್ಲಿ ಹಂಗೇ ಹೇಳಿ ಹೋಗಿದೀರಿ, ನನಗೆ ಎಫ್‌ಗಿಂತ ಅದೇ ಭಯ ಆಗಿದ್ದು: "ಫೋಟೋ ಎಲ್ಲ ಡಿ ಡ್ರೈವಲ್ಲೂ ಒಂದು ಕಾಪಿ ಇದೆ, ಸಿ ಹೋದ್ರೂ ತೊಂದ್ರೆ ಇಲ್ಲ." ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಈಗ ಇನ್ನೊಂದ್ಸಲ ನೋಡಿ. ಸಿ, ಡಿ ಎರಡೂ ಡಿಸ್ಕ್ 0 ಅನ್ನೋ ಒಂದೇ ಪಟ್ಟಿಲಿ ಅಕ್ಕಪಕ್ಕ ಇದ್ರೆ ಅವೆರಡೂ ಒಂದೇ ಎಸ್ಎಸ್‌ಡಿ, ಲ್ಯಾಪ್‌ಟಾಪ್ ತಗೊಂಡಾಗ ಯಾರೋ ಗೆರೆ ಎಳೆದು ಎರಡು ಭಾಗ ಮಾಡಿ ಕೊಟ್ಟಿರ್ತಾರೆ. ವಿಂಡೋಸ್ ಮಾತ್ರ ಕೆಟ್ಟರೆ ಡಿ ಉಳಿಯುತ್ತೆ ನಿಜ, ಡಿಸ್ಕೇ ಸುಟ್ಟರೆ ಎರಡು ಕಾಪಿನೂ ಒಟ್ಟಿಗೆ ಹೋಗುತ್ತೆ. ಡಿಸ್ಕ್ 0, ಡಿಸ್ಕ್ 1 ಅಂತ ಬೇರೆ ಬೇರೆ ಪಟ್ಟಿಲಿದ್ರೆ ಮಾತ್ರ ಬೇರೆ ಡಿಸ್ಕ್. ಮೊದ್ಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಫೋಟೋ ಹಾಕ್ಕೊಂಡು ಅದನ್ನ ಬಿಚ್ಚಿ ಬೀರುವಲ್ಲಿಟ್ಟು ಬನ್ನಿ, ಆಮೇಲೆ ಮೌಂಟ್‌ವಾಲ್ ಹೊಡೆಯೋಣ. ಎಫ್ ಡಬ್ಬಿಯಲ್ಲಿ ರಿಕವರಿ ಅಂತ ಇರದೆ ಬೇರೆ ಏನಾದ್ರೂ ಬರೆದಿದ್ರೆ ಏನೂ ಮುಟ್ಬೇಡಿ, ಅಲ್ಲಿ ಇರೋದನ್ನ ಇದ್ದ ಹಾಗೇ ಇಲ್ಲಿ ಕಾಮೆಂಟಲ್ಲಿ ಹಾಕಿ, ನೋಡಿ ಹೇಳ್ತೀನಿ.